ಅಂಗಡಿ ಲೆಕ್ಕಕ್ಕೊಂದು ಸ್ವತಂತ್ರ ತಂತ್ರಾಂಶ



ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದು ಮಾರತ್ತಹಳ್ಳಿಯನ್ನು ದಾಟಿ ವೈಟ್‌ಫೀಲ್ಡ್ ಕಡೆಗೆ ಹೊರಟರೆ ಕುಂದಲಹಳ್ಳಿ ಗೇಟ್ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿದರೆ ಊರು, ಊರ ಕೆರೆ, ಅದರಾಚೆಗೆ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶ. 2023ರ ಮಾರ್ಚ್‌ನಲ್ಲಿ ಊರಿನ ಹೆಸರಿನದೇ ಒಂದು ಮೆಟ್ರೋ ನಿಲ್ದಾಣವೂ ಆಯಿತು. ಪ್ರಪಂಚದ ದೊಡ್ಡ ದೊಡ್ಡ ಕಂಪೆನಿಗಳ ಲೆಕ್ಕಪತ್ರದ ತಂತ್ರಾಂಶಕ್ಕೆ ಹೆಸರಾದ ಜರ್ಮನಿಯ ಎಸ್.ಎ.ಪಿ. ಸಂಸ್ಥೆಯ ಕ್ಯಾಂಪಸ್ ತಲೆಯೆತ್ತಿದ್ದು ಈ ಕೈಗಾರಿಕಾ ಪ್ರದೇಶದಲ್ಲಿಯೇ. ನಮ್ಮ ದೇಶದ ವರ್ತಕರಿಗೆ ಚಿರಪರಿಚಿತವಾದ ಟ್ಯಾಲಿ ಕೂಡ ಬೆಂಗಳೂರಿನದೇ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಅದನ್ನು ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭಿಸಿದರು. ಹೀಗೆ ಲೆಕ್ಕದ ತಂತ್ರಾಂಶಕ್ಕೆ ತವರಾದ ಊರಿನಲ್ಲಿ ರಸ್ತೆಯ ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯ, ತರಕಾರಿ ಗಾಡಿಯ, ಪೇಯಿಂಗ್ ಗೆಸ್ಟ್ ವಸತಿಯ ಲೆಕ್ಕ ಎಲ್ಲಿದೆ ಎಂದು ವಿಚಾರಿಸಿ ನೋಡಿ. ಹೆಚ್ಚಿನ ಕಡೆ ಅದು ಗಲ್ಲಾಪೆಟ್ಟಿಗೆಯ ಮೇಲಿನ ಹಳೆಯ ಡೈರಿಯಲ್ಲಿ ಅರ್ಧ, ಮಾಲೀಕರ ತಲೆಯಲ್ಲಿ ಅರ್ಧ ಇರುತ್ತದೆ.

ಅದರಿಂದ ಏನಾಗುತ್ತದೆ ಎಂಬುದು 2025ರ ಜುಲೈ ತಿಂಗಳಿನಲ್ಲಿ ಎಲ್ಲರಿಗೂ ಗೊತ್ತಾಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯು.ಪಿ.ಐ. ಪಾವತಿಗಳ ವಿವರವನ್ನು ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಹಣ ಬಂದಿದ್ದ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ 1 ಕೋಟಿ 63 ಲಕ್ಷ ಬಂದಿದೆ, 29 ಲಕ್ಷ ತೆರಿಗೆ ಕಟ್ಟಿ ಎಂಬ ನೋಟೀಸು ಹೋಯಿತು. ತಾಜಾ ತರಕಾರಿಗೆ ಜಿ.ಎಸ್.ಟಿ.ಯೇ ಇಲ್ಲ! ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ಕ್ಯೂ.ಆರ್. ಚೀಟಿಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಬೋರ್ಡುಗಳು ಬಂದವು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಮಾತನಾಡಿ, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ಇಲಾಖೆಯ ಸರಿ ತಪ್ಪುಗಳ ಚರ್ಚೆ ಬೇರೆ. ಲೆಕ್ಕಶಾಸ್ತ್ರ ಓದುವ ನೀವು ಗಮನಿಸಬೇಕಾದ ಅಂಶ ಒಂದಿದೆ. ಬ್ಯಾಂಕಿನ ಪಟ್ಟಿಗೆ ಬಂದ ಹಣದ ಮೊತ್ತ ಗೊತ್ತು, ಅದು ಯಾವ ಬಾಬ್ತು ಬಂತೆಂಬುದು ಗೊತ್ತಿಲ್ಲ. ಹಾಲು ಮಾರಿದ ಹಣ, ಸಿಗರೇಟು ಮಾರಿದ ಹಣ, ಊರಿನಿಂದ ಚಿಕ್ಕಪ್ಪ ಕಳುಹಿಸಿದ ಹಣ, ಗೆಳೆಯ ಹಿಂದಿರುಗಿಸಿದ ಕೈಸಾಲ ಎಲ್ಲವೂ ಅದರ ಕಣ್ಣಿಗೆ ಒಂದೇ. ತಾಜಾ ಹಾಲು, ಬ್ರೆಡ್, ತರಕಾರಿಗಳಿಗೆ ತೆರಿಗೆ ಇಲ್ಲ. ಬರೀ ಇಂಥ ಸಾಮಾನನ್ನೇ ಮಾರುವವರಿಗೆ ನೋಂದಣಿಯೂ ಬೇಡ. ಎರಡೂ ಬಗೆಯ ಸಾಮಾನು ಮಾರುವವರಿಗೆ 40 ಲಕ್ಷದ ಮಿತಿಯನ್ನು ಎಣಿಸುವಾಗ ಎರಡೂ ಸೇರುತ್ತವೆ, ಆದರೆ ತೆರಿಗೆ ಬೀಳುವುದು ತೆರಿಗೆಯುಳ್ಳ ಸಾಮಾನಿನ ಮೇಲೆ ಮಾತ್ರ. ಚಿಕ್ಕಪ್ಪನ ಹಣ ಎಣಿಕೆಗೇ ಬರುವುದಿಲ್ಲ. ಇದನ್ನೆಲ್ಲ ಬಿಡಿಸಿ ತೋರಿಸಬಲ್ಲದ್ದು ದಿನದಿನವೂ ಬರೆದ ಪುಸ್ತಕ ಮಾತ್ರ. ನಾಲ್ಕು ವರ್ಷದ ನಂತರ ನೆನಪಿನಿಂದ ಬರೆದದ್ದಕ್ಕೆ ಯಾರೂ ಬೆಲೆ ಕೊಡುವುದಿಲ್ಲ.

ಈ ಪುಸ್ತಕವನ್ನು ನೀವೇ, ಮನೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ, ಒಂದು ಪೈಸೆಯೂ ಖರ್ಚಿಲ್ಲದೆ ಬರೆಯಬಹುದು. ಅದಕ್ಕೆ ಬೇಕಾದ ತಂತ್ರಾಂಶದ ಹೆಸರು ಗ್ನೂಕ್ಯಾಶ್. ಅದನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಅಳವಡಿಸುವುದು ಹೇಗೆ, ಅಳವಡಿಸಿದ ಮೇಲೆ ಮೊದಲು ಏನು ಮಾಡಬೇಕು, ಅದರಿಂದ ಆಗದ ಕೆಲಸ ಯಾವುದು ಎಂಬುದನ್ನು ಈಗ ನೋಡೋಣ.

ಮೊದಲು ‘ಕಡತ’ ಎಂಬ ಮಾತಿನ ಬಗ್ಗೆ ಒಂದಿಷ್ಟು. ಇವತ್ತು ಸರ್ಕಾರಿ ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆ ಬೀಜದ ಸರಿ ಬಳಿದು, ಇದ್ದಿಲಿನಿಂದ ಕಪ್ಪು ಮಾಡಿ, ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಕರ್ನಾಟಕದ ವರ್ತಕರೂ ಶಾನುಭೋಗರೂ ಮಠಗಳೂ ತಮ್ಮ ಜಮಾಖರ್ಚನ್ನು ಇಂಥವುಗಳಲ್ಲಿ ಇಟ್ಟವು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಓದಿ ಪ್ರಕಟಿಸಿದ್ದಾರೆ. ಗಮನಿಸಿ: ಬರೆದವರು ಹೋದ ಮೇಲೂ ಆ ಕಡತವನ್ನು ತೆರೆಯಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಅಕ್ಷರ ಬಲ್ಲವರು ಬಿಡಿಸಿ ಓದಿದರು. ನಿಮ್ಮ ಕಂಪ್ಯೂಟರಿನ ಲೆಕ್ಕದ ಕಡತಕ್ಕೂ ಈ ಗುಣ ಇರಬೇಕಲ್ಲವೇ? ಪರವಾನಗಿಯ ಅವಧಿ ಮುಗಿದರೆ, ಸೇವೆ ಕೊಡುತ್ತಿದ್ದ ಕಂಪೆನಿ ಬಾಗಿಲು ಮುಚ್ಚಿದರೆ, ಫೋನು ಕಳೆದುಹೋದರೆ, ನಿಮ್ಮದೇ ಲೆಕ್ಕ ನಿಮಗೆ ಸಿಗದೆ ಹೋಗಬಾರದು.

‘ಸ್ವತಂತ್ರ ತಂತ್ರಾಂಶ’ ಎಂಬುದರ ಅರ್ಥ ಇಲ್ಲಿಂದ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಮಾತಿಗೆ ಬಿಟ್ಟಿ ಎಂದೂ ಅರ್ಥ, ಬಿಡುಗಡೆ ಎಂದೂ ಅರ್ಥ. ಹಾಗಾಗಿ ಅವರು ಪ್ರತಿ ಸಲವೂ ವಿವರಣೆ ಕೊಡಬೇಕಾಗುತ್ತದೆ. ಕನ್ನಡದಲ್ಲಿ ಆ ತೊಡಕಿಲ್ಲ, ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬರೆದರು. ಎರಡೂ ಕೂಡಿ ಒಂದು ಪೂರ್ಣ ಕಾರ್ಯಾಚರಣ ವ್ಯವಸ್ಥೆ ಆಯಿತು. ಇಂಥ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಮೂಲಬರಹವನ್ನು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಗ್ನೂಕ್ಯಾಶ್ ಈ ಬಳಗಕ್ಕೆ ಸೇರಿದ್ದು. 1997ರಲ್ಲಿ ಎಕ್ಸ್-ಅಕೌಂಟೆಂಟ್ ಎಂಬ ಹೆಸರಿನಲ್ಲಿ ಹುಟ್ಟಿ, ಆಮೇಲೆ ಹೆಸರು ಬದಲಿಸಿಕೊಂಡಿತು. ಅದರ ಐದನೆಯ ಮುಖ್ಯ ಆವೃತ್ತಿ 2023ರ ಮಾರ್ಚ್‌ನಲ್ಲಿ ಬಂತು.

ಇನ್ನು ಕೆಲಸಕ್ಕೆ ಬರೋಣ. ನಿಮ್ಮಲ್ಲಿ ಉಬುಂಟು, ಲಿನಕ್ಸ್ ಮಿಂಟ್ ಅಥವಾ ಡೆಬಿಯನ್ ಇರುವ ಕಂಪ್ಯೂಟರ್ ಇದೆ ಎಂದು ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಚಿಂತೆ ಬೇಡ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಿಡಿಸದ ಎಷ್ಟೋ ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ಬಾಳುತ್ತವೆ. ಲಿನಕ್ಸ್ ಹಾಕುವ ಮುನ್ನ ಅದರಲ್ಲಿರುವ ಫೋಟೋ, ಕಾಗದಪತ್ರಗಳನ್ನು ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಿ ಎಂಬ ಎಚ್ಚರಿಕೆ ಸಾಕು. ಆ ವಿಧಾನವನ್ನು ವಿವರಿಸಲು ಇನ್ನೊಂದು ಲೇಖನವೇ ಬೇಕು.

ವಿಂಡೋಸ್ ಅಭ್ಯಾಸವಿರುವವರು ತಂತ್ರಾಂಶ ಬೇಕಾದಾಗ ಅಂತರಜಾಲದಲ್ಲಿ ಹುಡುಕಿ, ಎಲ್ಲಿಂದಲೋ ಇಳಿಸಿಕೊಂಡು, ಎರಡು ಬಾರಿ ಕ್ಲಿಕ್ ಮಾಡುತ್ತಾರೆ. ಲಿನಕ್ಸ್‌ನಲ್ಲಿ ಕ್ರಮವೇ ಬೇರೆ. ಇಲ್ಲಿ ಪ್ರತಿಯೊಂದು ವಿತರಣೆಗೂ ಒಂದು ಭಂಡಾರವಿದೆ. ಪರಿಶೀಲಿಸಿ, ಕಟ್ಟಿ, ಡಿಜಿಟಲ್ ಸಹಿ ಹಾಕಿದ ಸಾವಿರಾರು ತಂತ್ರಾಂಶಗಳು ಅದರಲ್ಲಿರುತ್ತವೆ. ಕಂಪ್ಯೂಟರು ಆ ಭಂಡಾರದ ಪಟ್ಟಿಯನ್ನು ನೋಡಿ, ಬೇಕಾದ ಕಟ್ಟನ್ನು ತರಿಸಿ, ಸಹಿ ತಾಳೆಯಾದರೆ ಮಾತ್ರ ಅಳವಡಿಸುತ್ತದೆ. ಗುರುತಿಲ್ಲದ ತಾಣದಿಂದ ಬೀಗ ಮುರಿದ ತಂತ್ರಾಂಶ ತಂದು ಅದರ ಜೊತೆಗೆ ವೈರಸ್ಸನ್ನೂ ಮನೆಗೆ ಕರೆಯುವ ಅಪಾಯ ಹೀಗೆ ತಪ್ಪುತ್ತದೆ. ಲೆಕ್ಕ ಬರೆಯುವ ಕಂಪ್ಯೂಟರಿನಲ್ಲಿ ಇದು ಸಣ್ಣ ವಿಷಯವಲ್ಲ.

ಸುಲಭದ ದಾರಿ ಬೇಕೆಂದರೆ, ಮೆನುವಿನಲ್ಲಿರುವ ತಂತ್ರಾಂಶ ಮಳಿಗೆಯನ್ನು ತೆರೆದು ಗ್ನೂಕ್ಯಾಶ್ ಎಂದು ಹುಡುಕಿ ಇನ್‌ಸ್ಟಾಲ್ ಗುಂಡಿಯನ್ನು ಒತ್ತಿ. ಆದರೆ ವಿದ್ಯಾರ್ಥಿಗಳಾದ ನೀವು ಟರ್ಮಿನಲ್ ದಾರಿಯನ್ನೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿ ಕಂಪ್ಯೂಟರು ಏನು ಮಾಡುತ್ತಿದೆ ಎಂಬುದನ್ನು ಸಾಲು ಸಾಲಾಗಿ ಹೇಳುತ್ತದೆ. ಕಂಟ್ರೋಲ್, ಆಲ್ಟ್, ಟಿ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಟರ್ಮಿನಲ್ ಕಿಟಕಿ ತೆರೆಯುತ್ತದೆ. ಅಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಜಾಗ ಬಿಟ್ಟು, ಮೊದಲು ಹೀಗೆ ಬರೆಯಿರಿ:

ಸುಡೋ ಆಪ್ಟ್ ಅಪ್‌ಡೇಟ್

ಸುಡೋ ಎಂದರೆ ಎಸ್-ಯು-ಡಿ-ಓ. ಈ ಕೆಲಸವನ್ನು ಯಜಮಾನನ ಅಧಿಕಾರದಲ್ಲಿ ಮಾಡು ಎಂದು ಅದರ ತಾತ್ಪರ್ಯ. ಆಪ್ಟ್ ಎಂದರೆ ಎ-ಪಿ-ಟಿ, ಭಂಡಾರದ ಉಗ್ರಾಣಿ ಎನ್ನಿ. ಅಪ್‌ಡೇಟ್ ಎಂದಾಗ ಅದು ಭಂಡಾರದ ಪಟ್ಟಿಯನ್ನು ಹೊಸದು ಮಾಡಿಕೊಳ್ಳುತ್ತದೆ, ಇನ್ನೂ ಏನನ್ನೂ ಅಳವಡಿಸುವುದಿಲ್ಲ. ಎಂಟರ್ ಒತ್ತಿದೊಡನೆ ಗುಪ್ತಪದ ಕೇಳುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ನೀವು ಒತ್ತಿದ ಅಕ್ಷರಗಳು ಪರದೆಯ ಮೇಲೆ ಕಾಣುವುದಿಲ್ಲ, ಕೀಲಿಮಣೆ ಕೆಟ್ಟಿದೆಯೆಂದು ಭಾವಿಸಬೇಡಿ. ಬೇಕೆಂತಲೇ ಮರೆಮಾಡಲಾಗಿದೆ. ಪೂರ್ತಿ ಬರೆದು ಎಂಟರ್ ಒತ್ತಿ. ಪಟ್ಟಿ ಬಂದು ಮುಗಿದ ಮೇಲೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಗ್ನೂಕ್ಯಾಶ್ ಗ್ನೂಕ್ಯಾಶ್-ಡಾಕ್ಸ್

ಗ್ನೂಕ್ಯಾಶ್ ಎಂಬುದನ್ನು ಜಿ-ಎನ್-ಯು-ಸಿ-ಎ-ಎಸ್-ಎಚ್ ಎಂದು ಒಂದೇ ಪದವಾಗಿ ಬರೆಯಬೇಕು. ಎರಡನೆಯ ಹೆಸರಿನಲ್ಲಿ ಅದೇ ಪದಕ್ಕೆ ಒಂದು ಅಡ್ಡಗೆರೆ, ಆಮೇಲೆ ಡಿ-ಓ-ಸಿ-ಎಸ್. ಅದು ಕೈಪಿಡಿಯ ಕಟ್ಟು. ಲೆಕ್ಕಶಾಸ್ತ್ರದ ಮೂಲ ತತ್ವಗಳನ್ನು ವಿವರಿಸುವ ಒಳ್ಳೆಯ ಮಾರ್ಗದರ್ಶಿಯೊಂದು ಅದರಲ್ಲಿದೆ. ಅನೇಕರು ಇದನ್ನು ಬಿಟ್ಟು, ಆಮೇಲೆ ಸಹಾಯ ಸಿಗುತ್ತಿಲ್ಲವೆಂದು ದೂರುತ್ತಾರೆ. ಎಂಟರ್ ಒತ್ತಿದಾಗ ಉದ್ದನೆಯ ಹೆಸರುಗಳ ಪಟ್ಟಿ ಬರುತ್ತದೆ. ನೀವು ಕೇಳಿದ್ದು ಎರಡು, ಬರುತ್ತಿರುವುದು ಹಲವು. ಏಕೆ? ಪುಸ್ತಕ ಬರೆಯಲು ಕೂತವನಿಗೆ ಮೇಜು, ದೀಪ, ಶಾಯಿ ಬೇಕಾದಂತೆ ಈ ತಂತ್ರಾಂಶಕ್ಕೂ ಬೇರೆ ಸಣ್ಣ ತಂತ್ರಾಂಶಗಳ ಆಸರೆ ಬೇಕು. ಉಗ್ರಾಣಿಗೆ ಅದು ಗೊತ್ತಿರುವುದರಿಂದ ಎಲ್ಲವನ್ನೂ ತಾನೇ ಲೆಕ್ಕ ಹಾಕಿ ತರುತ್ತಾನೆ. ಎಷ್ಟು ಇಳಿಸಬೇಕು, ಡಿಸ್ಕಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದೂ ತಿಳಿಸಿ, ಮುಂದುವರಿಯಲೇ ಎಂದು ಕೇಳುತ್ತಾನೆ. ವೈ ಒತ್ತಿ, ಎಂಟರ್ ಒತ್ತಿ. ಅಂತರಜಾಲದ ವೇಗಕ್ಕೆ ತಕ್ಕಂತೆ ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ಭಂಡಾರದಲ್ಲಿರುವ ಆವೃತ್ತಿ ಕೆಲವೊಮ್ಮೆ ತುಸು ಹಳೆಯದಿರಬಹುದು. ಹೊಸದೇ ಬೇಕೆನ್ನುವವರಿಗೆ ಫ್ಲಾಟ್‌ಪ್ಯಾಕ್ ಎಂಬ ಇನ್ನೊಂದು ವಿಧಾನವಿದೆ. ಕಲಿಯುವವರಿಗೆ ಅದರ ಅವಸರವಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಮನೆಯಲ್ಲೊಂದು, ಕಾಲೇಜಿನಲ್ಲೊಂದು ಕಂಪ್ಯೂಟರಿನಲ್ಲಿ ಒಂದೇ ಕಡತವನ್ನು ತೆರೆಯುವುದಾದರೆ ಎರಡರಲ್ಲೂ ಒಂದೇ ಆವೃತ್ತಿ ಇರುವುದು ಕ್ಷೇಮ.

ಮೊದಲ ಸಲ ತೆರೆದು ಹೊಸ ಕಡತ ಬೇಕೆಂದಾಗ ಗ್ನೂಕ್ಯಾಶ್ ಒಂದು ಸಹಾಯಕ ಕಿಟಕಿಯನ್ನು ಮುಂದಿಟ್ಟು ಕೆಲವು ಪ್ರಶ್ನೆ ಕೇಳುತ್ತದೆ. ಹಣದ ಬಗೆ ಯಾವುದು? ಭಾರತದ ರೂಪಾಯಿ, ಅಂದರೆ ಐ.ಎನ್.ಆರ್. ಎಂಬುದನ್ನು ಆರಿಸಿ. ಯಾವ ಖಾತೆಗಳು ಬೇಕು? ಮೊದಲಿಗೆ ಸಾಮಾನ್ಯ ಖಾತೆಗಳ ಗುಂಪು ಸಾಕು. ಉಳಿಸುವಾಗ ಕಡತಕ್ಕೊಂದು ಹೆಸರು ಕೊಡಿ. ಆಮೇಲೆ ಆದ್ಯತೆಗಳ ಪುಟಕ್ಕೆ ಹೋಗಿ ಎರಡು ಬದಲಾವಣೆ ಮಾಡಿಕೊಳ್ಳಿ. ತಾನಾಗಿ ಇರುವ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರಿನದು. ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ಇನ್ನೊಂದು, ಅಂಕಣಗಳ ತಲೆಬರಹ. ಸಾಮಾನ್ಯ ಬಳಕೆದಾರರಿಗಾಗಿ ಅಲ್ಲಿ ‘ಹೆಚ್ಚಳ’, ‘ಇಳಿಕೆ’ ಎಂಬರ್ಥದ ಮಾತುಗಳಿರುತ್ತವೆ. ಶಾಸ್ತ್ರೀಯ ಹೆಸರುಗಳು ಬೇಕೆಂದು ಗುರುತು ಹಾಕಿದರೆ ನಿಮ್ಮ ಪಠ್ಯಪುಸ್ತಕದ ಡೆಬಿಟ್, ಕ್ರೆಡಿಟ್ ಬಂದು ಕೂರುತ್ತವೆ. ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಮಾಡಿಕೊಳ್ಳಲೇಬೇಕು.

ಖಾತೆಗಳು ಐದು ಬಗೆ: ಆಸ್ತಿ, ಹೊಣೆ, ಬಂಡವಾಳ, ಆದಾಯ, ವೆಚ್ಚ. ಪಿ.ಯು.ಸಿ.ಯಲ್ಲಿ ಓದಿದ ದ್ವಿನಮೂದು ಪದ್ಧತಿ ಇದೇ. ಇಟಲಿಯ ಲೂಕಾ ಪಾಚಿಯೋಲಿ 1494ರಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ವಿವರಿಸಿದ ಪದ್ಧತಿ. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖ. ಹಣ ಒಂದು ಖಾತೆಗೆ ಬಂತೆಂದರೆ ಇನ್ನೊಂದು ಖಾತೆಯಿಂದ ಬಂದಿರಲೇಬೇಕು. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದವರಿಗೆ ಇದರ ರುಚಿ ಹತ್ತುವುದು ನಿಜವಾದ ಅಂಗಡಿಯ ಲೆಕ್ಕ ಬರೆದಾಗ.

ಕುಂದಲಹಳ್ಳಿ ಗೇಟಿನ ಬಳಿ ನಿಮ್ಮ ತಂದೆಯವರದೊಂದು ಅಂಗಡಿ ಇದೆ ಎಂದುಕೊಳ್ಳಿ. ಒಂದು ಸೋಮವಾರ ಹಾಲು ಮತ್ತು ಬ್ರೆಡ್ 3,200 ರೂಪಾಯಿಗೆ, ಚಿಪ್ಸು ತಂಪು ಪಾನೀಯಗಳು 4,100 ರೂಪಾಯಿಗೆ ಮಾರಾಟವಾದವು. ಒಟ್ಟು 7,300. ಇದರಲ್ಲಿ ಯು.ಪಿ.ಐ. ಮೂಲಕ ಬ್ಯಾಂಕಿಗೆ ಬಂದದ್ದು 5,450, ಗಲ್ಲಾಪೆಟ್ಟಿಗೆಗೆ ಬಿದ್ದ ನಗದು 1,850. ಇದನ್ನು ಒಂದೇ ನಮೂದಿನಲ್ಲಿ ನಾಲ್ಕು ಸಾಲಾಗಿ ಒಡೆದು ಬರೆಯಬಹುದು. ಡೆಬಿಟ್ ಕಡೆ ಬ್ಯಾಂಕು 5,450 ಮತ್ತು ನಗದು 1,850. ಕ್ರೆಡಿಟ್ ಕಡೆ ‘ತೆರಿಗೆಯಿಲ್ಲದ ಮಾರಾಟ’ 3,200 ಮತ್ತು ‘ತೆರಿಗೆಯುಳ್ಳ ಮಾರಾಟ’ 4,100. ಎರಡೂ ಕಡೆ 7,300. ಈ ಎರಡು ಮಾರಾಟದ ಖಾತೆಗಳನ್ನು ಆದಾಯದ ಕೆಳಗೆ ನೀವೇ ತೆರೆದುಕೊಳ್ಳಬೇಕು. ತಂತ್ರಾಂಶಕ್ಕೆ ನಿಮ್ಮ ಅಂಗಡಿ ಗೊತ್ತಿಲ್ಲ.

ಅದೇ ದಿನ ತಂಗಿಯ ಶಾಲೆಯ ಫೀಸಿಗೆಂದು ಚಿಕ್ಕಪ್ಪ 10,000 ರೂಪಾಯಿಯನ್ನು ಅಪ್ಪನ ಅದೇ ಕ್ಯೂ.ಆರ್. ಖಾತೆಗೆ ಹಾಕಿದರು. ಬ್ಯಾಂಕಿಗೆ ಡೆಬಿಟ್ 10,000, ಬಂಡವಾಳದ ಕೆಳಗೆ ‘ಮನೆಯ ಹಣ’ ಎಂಬ ಖಾತೆಗೆ ಕ್ರೆಡಿಟ್ 10,000. ಈಗ ಬ್ಯಾಂಕಿನ ಪಟ್ಟಿ ನೋಡಿದವರಿಗೆ ಆ ಸೋಮವಾರ 15,450 ರೂಪಾಯಿ ಬಂದಂತೆ ಕಾಣುತ್ತದೆ. ನಿಮ್ಮ ಪುಸ್ತಕವಾದರೋ ಆ ದಿನದ ನಿಜವಾದ ಮಾರಾಟ 7,300, ಅದರಲ್ಲಿ ತೆರಿಗೆಗೆ ಸಂಬಂಧಿಸಿದ್ದು 4,100 ಎಂದು ಹೇಳುತ್ತದೆ. ಗಮನಿಸಿ, ಇದರಲ್ಲಿ ಬ್ಯಾಂಕಿನ ಪಟ್ಟಿಗೆ ಕಾಣದ ನಗದೂ ಸೇರಿದೆ. ಮುಚ್ಚಿಡುವುದಕ್ಕೆ ಬರೆಯುವ ಪುಸ್ತಕವಲ್ಲ ಇದು. ತನಗೆ ಬೇಕಾದ್ದನ್ನು ಮಾತ್ರ ಬರೆದ ಪುಸ್ತಕ ನೋಟೀಸು ಬಂದ ದಿನ ಕೈಕೊಡುತ್ತದೆ.

ಉದ್ರಿ ವ್ಯಾಪಾರಕ್ಕೂ ಇದೇ ಕ್ರಮ. ಪಾನೀಯದ ಏಜೆಂಟರಿಂದ 6,000 ರೂಪಾಯಿಯ ಸರಕು ಉದ್ರಿ ಬಂದರೆ ಖರೀದಿಗೆ ಡೆಬಿಟ್, ಹೊಣೆಯ ಕೆಳಗೆ ಏಜೆಂಟರ ಖಾತೆಗೆ ಕ್ರೆಡಿಟ್. ಗುರುವಾರ 4,000 ಕಳುಹಿಸಿದರೆ ಏಜೆಂಟರ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಉಳಿದ 2,000 ಆ ಖಾತೆಯ ಎದುರು ಕಾಣುತ್ತಿರುತ್ತದೆ. ‘ನೀವು ಕೊಡಬೇಕಾದ್ದು ಮೂರು ಸಾವಿರ’ ಎಂದು ಏಜೆಂಟರು ಹೇಳಿದಾಗ ಅಪ್ಪ ಡೈರಿಯ ಪುಟ ತಿರುವುತ್ತ ನಿಲ್ಲಬೇಕಾಗಿಲ್ಲ.

ತಪ್ಪು ಬರೆದರೆ? 5,450 ಎನ್ನುವ ಕಡೆ 545 ಎಂದು ಬರೆದುಬಿಟ್ಟಿರಿ ಎನ್ನೋಣ. 4,905 ರೂಪಾಯಿ ಎಲ್ಲಿಂದ ಬಂತೋ ಗೊತ್ತಿಲ್ಲದಂತಾಗುತ್ತದೆ. ಕಾಗದದ ಕಿರ್ದಿಯಾದರೆ ಇದು ತಿಂಗಳ ಕೊನೆಯ ತಾಳೆಪಟ್ಟಿಯವರೆಗೂ ಅಡಗಿ ಕೂರುತ್ತಿತ್ತು. ಗ್ನೂಕ್ಯಾಶ್ ಅದನ್ನು ‘ಇಂಬ್ಯಾಲೆನ್ಸ್-ಐ.ಎನ್.ಆರ್.’ ಎಂಬ ಪ್ರತ್ಯೇಕ ಖಾತೆಗೆ ತಳ್ಳಿ ನಿಮ್ಮ ಕಣ್ಣ ಮುಂದೆಯೇ ಇಡುತ್ತದೆ. ಆ ಖಾತೆಯಲ್ಲಿ ಸೊನ್ನೆಯಲ್ಲದೆ ಬೇರೇನಾದರೂ ಕಂಡರೆ ಎಲ್ಲೋ ಒಂದು ನಮೂದು ಅರ್ಧಕ್ಕೆ ನಿಂತಿದೆ ಎಂದರ್ಥ. ಆದರೆ ಹಾಲಿನ ಹಣವನ್ನು ಪಾನೀಯದ ಖಾತೆಗೆ ಬರೆದರೆ ಅದಕ್ಕೆ ತಿಳಿಯುವುದಿಲ್ಲ. ಎರಡು ಬದಿ ಸಮವಿದ್ದರೆ ಅದಕ್ಕೆ ಸಮಾಧಾನ. ಆದ್ದರಿಂದ ತಿಂಗಳಿಗೊಮ್ಮೆ ಬ್ಯಾಂಕಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಿಗೆ ಗುರುತು ಹಾಕಿ ತಾಳೆ ನೋಡಬೇಕು. ಅದಕ್ಕೆಂದೇ ರೀಕನ್ಸೈಲ್ ಎಂಬ ಕಿಟಕಿ ಇದೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುತ್ತೀರಿ. ಧಾರಾಳವಾಗಿ. ಖಾತೆಯ ಹೆಸರು, ವಿವರಣೆ ಎಲ್ಲವೂ ಯೂನಿಕೋಡ್ ಕನ್ನಡದಲ್ಲಿರಬಹುದು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಜೋಡಣೆಯೂ ಇದೆ. ಗ್ನೂಕ್ಯಾಶಿನ ಮೆನುಗಳಿಗೂ ಕನ್ನಡ ಅನುವಾದ ಇದೆ, ಆದರೆ ಅಪೂರ್ಣ. ಅಲ್ಲಲ್ಲಿ ಇಂಗ್ಲಿಷ್ ಉಳಿದಿದೆ, ಕೆಲವು ಪಾರಿಭಾಷಿಕ ಪದಗಳು ನಮ್ಮ ಪಠ್ಯಪುಸ್ತಕದ ಪದಗಳಿಗೆ ಹೊಂದುವುದಿಲ್ಲ. ಲೆಕ್ಕಶಾಸ್ತ್ರವೂ ಕನ್ನಡವೂ ಬಲ್ಲ ವಿದ್ಯಾರ್ಥಿಗಳು ಇದನ್ನು ತಿದ್ದಿ ಪೂರ್ತಿ ಮಾಡಬಹುದು. ಸ್ವತಂತ್ರ ತಂತ್ರಾಂಶದಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇಂಥ ಕೆಲಸಕ್ಕೆ ಜೊತೆ ಬೇಕಾದವರು ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರನ್ನು ವಿಚಾರಿಸಬಹುದು.

ನಿಮ್ಮ ಕಡತ ಇರುವ ಫೋಲ್ಡರನ್ನು ಕೆಲವು ದಿನಗಳ ನಂತರ ತೆರೆದರೆ ದಿನಾಂಕ, ಗಂಟೆ ಸೇರಿಸಿದ ಹೆಸರುಗಳ ಹತ್ತಾರು ಕಡತಗಳು ಕಾಣುತ್ತವೆ. ಹೆದರಿ ಅಳಿಸಬೇಡಿ. ಉಳಿಸಿದಾಗಲೆಲ್ಲ ಹಿಂದಿನ ಪ್ರತಿಯನ್ನು ಅದು ಪಕ್ಕಕ್ಕಿಡುತ್ತದೆ, ಸಾಮಾನ್ಯವಾಗಿ 30 ದಿನದವರೆಗೆ ಇಟ್ಟುಕೊಂಡು ಆಮೇಲೆ ತಾನೇ ತೆಗೆದುಹಾಕುತ್ತದೆ. ಕರೆಂಟು ಹೋಗಿ ಕಂಪ್ಯೂಟರ್ ದಿಢೀರನೆ ನಿಂತಿದ್ದರೆ ಮರುದಿನ ‘ಕಡತಕ್ಕೆ ಬೀಗ ಬಿದ್ದಿದೆ’ ಎಂಬ ಸಂದೇಶ ಬರಬಹುದು. ಬೇರೆ ಯಾರೂ ತೆರೆದಿಲ್ಲವೆಂದು ಖಚಿತ ಮಾಡಿಕೊಂಡು ತೆರೆಯಿರಿ ಎಂದರೆ ತೆರೆದುಕೊಳ್ಳುತ್ತದೆ. ಆದರೆ ಈ ಪ್ರತಿಗಳೆಲ್ಲ ಅದೇ ಡಿಸ್ಕಿನಲ್ಲಿವೆ ಎಂಬುದನ್ನು ಮರೆಯಬೇಡಿ. ಡಿಸ್ಕು ಕೆಟ್ಟರೆ ಎಲ್ಲವೂ ಹೋದಂತೆಯೇ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿ ಬೇರೆ ಜಾಗದಲ್ಲಿಡಿ. ಕಡತವು ಎಕ್ಸ್.ಎಂ.ಎಲ್. ಎಂಬ ಬಹಿರಂಗ ರೂಪದಲ್ಲಿ, ಅಡಕಿಸಿದ ಪಠ್ಯವಾಗಿ ಇರುತ್ತದೆ. ನಾಳೆ ಗ್ನೂಕ್ಯಾಶ್ ಇಲ್ಲದಿದ್ದರೂ ಬಿಚ್ಚಿ ಓದಬಹುದು. ಆ ಬಳಪದ ಕಡತದ ಹಾಗೆ.

ಇಷ್ಟು ಹೊಗಳಿದ ಮೇಲೆ ಮಿತಿಗಳನ್ನೂ ಹೇಳಬೇಕು. ಗ್ನೂಕ್ಯಾಶ್ ನಿಮ್ಮ ಪರವಾಗಿ ಜಿ.ಎಸ್.ಟಿ. ವಿವರಣೆಯನ್ನು ಸಲ್ಲಿಸುವುದಿಲ್ಲ. ಅದರಿಂದ ಮೊತ್ತಗಳನ್ನು ತೆಗೆದುಕೊಂಡು ಸರ್ಕಾರದ ತಾಣದಲ್ಲಿ ಬೇರೆಯಾಗಿ ತುಂಬಬೇಕು. ಎರಡನೆಯದು ಇನ್ನೂ ಮುಖ್ಯ. 2023ರ ಏಪ್ರಿಲ್ 1ರಿಂದ, ಕಂಪೆನಿ ಕಾಯಿದೆಯಡಿ ನೋಂದಣಿಯಾದ ಪ್ರತಿಯೊಂದು ಕಂಪೆನಿಯ ಲೆಕ್ಕದ ತಂತ್ರಾಂಶವೂ ಯಾವ ನಮೂದನ್ನು ಯಾವಾಗ ಬದಲಿಸಲಾಯಿತು ಎಂಬುದನ್ನು ತಾನೇ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಬರುವಂತಿರಬಾರದು. ಗ್ನೂಕ್ಯಾಶಿನಲ್ಲಿ ಹಳೆಯ ನಮೂದನ್ನು ತಿದ್ದಬಹುದು, ಅಳಿಸಲೂಬಹುದು. ಆದ್ದರಿಂದ ಪ್ರೈವೇಟ್ ಲಿಮಿಟೆಡ್ ಕಂಪೆನಿಗೆ ಇದನ್ನು ಸೂಚಿಸಬೇಡಿ. ಮನೆಗೆ, ಒಬ್ಬರೇ ಮಾಲೀಕರಿರುವ ಅಂಗಡಿಗೆ, ಯುವಕ ಸಂಘಕ್ಕೆ, ಗಣೇಶೋತ್ಸವದ ಚಂದಾ ಲೆಕ್ಕಕ್ಕೆ ಇದು ಚೆನ್ನಾಗಿ ಒದಗುತ್ತದೆ.

‘ಕೆಲಸಕ್ಕೆ ಹೋದರೆ ಟ್ಯಾಲಿ ಬರುತ್ತದೆಯೇ ಎಂದು ಕೇಳುತ್ತಾರಲ್ಲ?’ ಎಂಬುದು ನ್ಯಾಯವಾದ ಪ್ರಶ್ನೆ. ಟ್ಯಾಲಿಯನ್ನೂ ಕಲಿಯಿರಿ. ಹಣ ಕೊಡದೆ ಕಲಿಯಲು ಅದರಲ್ಲೇ ವಿದ್ಯಾರ್ಥಿಗಳ ಬಗೆಯೊಂದಿದೆ. ತಿಂಗಳಿನ ಕೆಲವೇ ದಿನಾಂಕಗಳಲ್ಲಿ ನಮೂದು ಮಾಡಬಹುದೆಂಬ ಮಿತಿ ಅದಕ್ಕಿರುವುದರಿಂದ ಅಭ್ಯಾಸಕ್ಕೆ ಸಾಕು, ನಿಜವಾದ ಅಂಗಡಿಗೆ ಸಾಲದು. ಬೀಗ ಮುರಿದ ಪ್ರತಿಯ ಗೊಡವೆ ಬೇಡ. ಡೆಬಿಟ್ ಯಾವ ಕಡೆ, ಕ್ರೆಡಿಟ್ ಯಾವ ಕಡೆ ಎಂಬುದು ಒಮ್ಮೆ ಗಟ್ಟಿಯಾದರೆ ಗುಂಡಿಗಳ ಜಾಗ ಬದಲಾಗುವುದು ವಾರದ ಅಭ್ಯಾಸದ ಮಾತು. ನೆರೆಯ ಕೇರಳದಲ್ಲಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವೇ ಲಿನಕ್ಸ್ ಮೇಲೆ ನಿಂತಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಬಳಸುವುದೂ ಅದನ್ನೇ. ಅಲ್ಲಿಯ ಹೈಯರ್ ಸೆಕೆಂಡರಿಯ ಲೆಕ್ಕಶಾಸ್ತ್ರದ ಪ್ರಯೋಗ ತರಗತಿಗೆ ಗ್ನೂಖಾತಾ ಎಂಬ ಭಾರತೀಯ ತಂತ್ರಾಂಶ ಬಂತು. ಮುಂಬಯಿಯ ಕೃಷ್ಣಕಾಂತ ಮಾನೆ ಅವರ ಮುಂದಾಳುತನದಲ್ಲಿ ಅದು ರೂಪುಗೊಂಡಿತು. ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕೆಲಸ ಮಾಡಿದವರು. ಗ್ನೂಕ್ಯಾಶ್ ಹಿಡಿಸದವರು ಇದನ್ನೂ ಪರಿಶೀಲಿಸಬಹುದು.

ಶುರು ಮಾಡಲು ಏಪ್ರಿಲ್ 1ರವರೆಗೆ ಕಾಯಬೇಕಾಗಿಲ್ಲ. ಇಂದಿನ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗಲ್ಲಾಪೆಟ್ಟಿಗೆಯ ನಗದನ್ನು ಎಣಿಸಿ, ಬ್ಯಾಂಕಿನ ಬಾಕಿ ನೋಡಿ, ಯಾರಿಗೆಷ್ಟು ಕೊಡಬೇಕು, ಯಾರಿಂದೆಷ್ಟು ಬರಬೇಕು ಎಂಬುದನ್ನು ಅಪ್ಪ ಅಮ್ಮನನ್ನು ಕೇಳಿ ಬರೆದುಕೊಳ್ಳಿ. ಅಂಗಡಿಯಲ್ಲಿ ಉಳಿದಿರುವ ಸರಕಿಗೂ ಒಂದು ಅಂದಾಜು ಬೆಲೆ ಕಟ್ಟಿ. ಇವು ನಿಮ್ಮ ಆರಂಭ ಶಿಲ್ಕುಗಳು. ಇವುಗಳ ಎದುರು ಬದಿ ಬಂಡವಾಳದ ಕೆಳಗಿನ ‘ಓಪನಿಂಗ್ ಬ್ಯಾಲೆನ್ಸಸ್’ ಖಾತೆಗೆ ಹೋಗುತ್ತದೆ. ಮೊದಲ ತಿಂಗಳು ಡೈರಿಯನ್ನೂ ನಿಲ್ಲಿಸಬೇಡಿ, ಎರಡೂ ಜೊತೆಗೆ ನಡೆಯಲಿ. ತಿಂಗಳ ಕೊನೆಗೆ ವರದಿಗಳ ಮೆನುವಿನಿಂದ ತಾಳೆಪಟ್ಟಿಯನ್ನೂ ಲಾಭ-ನಷ್ಟದ ಪಟ್ಟಿಯನ್ನೂ ತೆಗೆದು ಮುದ್ರಿಸಿ, ಡೈರಿಯ ಪಕ್ಕದಲ್ಲಿಟ್ಟು ಅಪ್ಪ ಅಮ್ಮನಿಗೆ ತೋರಿಸಿ. ಯಾವ ಸಾಲು ಅರ್ಥವಾಗಲಿಲ್ಲವೆಂದು ಅವರು ಕೇಳುತ್ತಾರೋ ಅದರ ಪಕ್ಕದಲ್ಲಿ ಗುರುತು ಹಾಕಿ, ಆ ಖಾತೆಯ ಹೆಸರನ್ನು ಅವರಿಗೆ ತಿಳಿಯುವ ಮಾತಿಗೆ ಬದಲಾಯಿಸಿಬಿಡಿ.